ಹನ್ನೆರಡನೇ ತಾರೀಕು ಯಾಕೆ?

ಗುರುತು ಸಿಗಬಾರದೆಂದು ಈ ಕುಟುಂಬದ ಕೆಲವು ವಿವರ ಬದಲಿಸಿದ್ದೇನೆ. ಆಸ್ಪತ್ರೆಯ ಹೆಸರೂ ಬೇಡ. ಮುಂಬೈಯ ಒಂದು ಮುನಿಸಿಪಾಲಿಟಿ ಆಸ್ಪತ್ರೆ, ಅಷ್ಟು ಸಾಕು. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.

ಮೊದಲು ಬಂದದ್ದು ಹೆಂಡತಿ, ಒಬ್ಬರೇ. ನಾನು ಆಪ್ತಸಮಾಲೋಚಕಿ; ನನ್ನನ್ನು ಕಾಣಲು ಡೊಂಬಿವಲಿಯಿಂದ ಲೋಕಲ್ ಹಿಡಿದು ಮಾಟುಂಗಕ್ಕೆ ಬಂದಿದ್ದರು. ಊರು ಬೈಂದೂರಿನ ಕಡೆ. ಗಂಡ ಘಾಟ್ಕೋಪರ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಾರೆ.

"ಮೇಡಂ, ನಮ್ಮನೆಯವರಿಗೆ ಉಪಕಾರ ಸ್ಮರಣೆ ಜಾಸ್ತಿ ಆಗಿದೆ. ಇದಕ್ಕೆ ಮದ್ದು ಉಂಟಾ?"

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

ಮಗನಿಗೆ ಈಗ ಮೂರೂವರೆ ವರ್ಷ. ಹುಟ್ಟಿದ್ದು 29ನೇ ವಾರಕ್ಕೆ, ತೂಕ 1 ಕಿಲೋ 150 ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿ, ಆಮೇಲೆ ಅಮ್ಮನ ಎದೆಗೆ ಕಟ್ಟಿಕೊಂಡು, ಒಟ್ಟು 47 ದಿನ ಆಸ್ಪತ್ರೆ. ಬದುಕಿದ. ಈಗ ಸೋಫಾದಿಂದ ಹಾರುತ್ತಾನೆ, ಚಪಾತಿ ಬೇಡ ಎನ್ನುತ್ತಾನೆ. ಡಾಕ್ಟರ ಲೆಕ್ಕದಲ್ಲಿ ಎಲ್ಲಾ ಸರಿ.

ಸರಿ ಇಲ್ಲದ್ದು ಹನ್ನೆರಡನೇ ತಾರೀಕು. ಪ್ರತಿ ತಿಂಗಳು ಅಂದು ಅಪ್ಪ ರಜೆ ಹಾಕಿ, ಸಿಹಿ ಡಬ್ಬಗಳನ್ನು ಹೊತ್ತು, ಮಗನನ್ನು ಎತ್ತಿಕೊಂಡು ಆ ವಾರ್ಡಿನ ಬಾಗಿಲಿಗೆ ಹೋಗುತ್ತಾರೆ. ಸಿಸ್ಟರ್‌ಗಳ ಕಾಲು ಮುಟ್ಟು ಎನ್ನುತ್ತಾರೆ. ಅಂದಿನ ಸಿಸ್ಟರ್‌ಗಳಲ್ಲಿ ಹೆಚ್ಚಿನವರು ಈಗ ಅಲ್ಲಿಲ್ಲ. ಇರುವವರು ಕೈಮುಗಿದು ಬೇಡ ಎನ್ನುತ್ತಾರೆ. ಹುಡುಗ ಈಚೆಗೆ ಗೇಟು ಕಂಡ ಕೂಡಲೇ ಚಡ್ಡಿ ಒದ್ದೆ ಮಾಡಿಕೊಳ್ಳುತ್ತಾನೆ. ಸಂಬಳ ಇಪ್ಪತ್ತೆರಡು ಸಾವಿರ. ಅದರಲ್ಲಿ ಮೂರು ಸಾವಿರ ಇದಕ್ಕೇ ಹೋಗುತ್ತದೆ.

ಇನ್ನೊಂದು ವಿಷಯವನ್ನು ಅವರು ಎದ್ದು ಹೊರಟ ಮೇಲೆ, ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದರು. ಮುಖ್ಯವಾದದ್ದು ಬರುವುದು ಹೆಚ್ಚಾಗಿ ಬಾಗಿಲ ಹತ್ತಿರವೇ. "ರಾತ್ರಿ ಮೂರು ನಾಲ್ಕು ಸಲ ಎದ್ದು ಮಗುವಿನ ಅಂಗಾಲು ತಟ್ಟುತ್ತಾರೆ. ಅವನು ಎದ್ದು ಅಳ್ತಾನೆ. ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ."

ಮುಂದಿನ ವಾರ ಗಂಡ ಬಂದರು. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ನನಗೂ ಒಂದು ಸಿಹಿ ಡಬ್ಬ. ಇಲ್ಲಿ ನಾನೊಂದು ತಪ್ಪು ಮಾಡಿದೆ. ನೀವು ಅಲ್ಲಿಗೆ ಹೋಗುವ ಅಗತ್ಯವಿಲ್ಲ, ಅವರು ತಮ್ಮ ಕೆಲಸ ಮಾಡಿದ್ದಾರೆ ಎಂದು ಮೊದಲ ದಿನವೇ ಹೇಳಿಬಿಟ್ಟೆ. "ಮೇಡಂ, ಋಣ ಅಂತ ಒಂದುಂಟಲ್ಲ" ಎಂದು ಎದ್ದು ಹೋದರು. ಮೂರು ವಾರ ಪತ್ತೆ ಇಲ್ಲ. ಇಷ್ಟು ವರ್ಷದ ಅನುಭವ ಇಟ್ಟುಕೊಂಡು ನಾನು ಮಾತಾಡಿದ್ದು ಪಕ್ಕದ ಮನೆಯವರ ಹಾಗೆ.

ಮತ್ತೆ ಬಂದಾಗ ಬುದ್ಧಿ ಹೇಳಲಿಲ್ಲ. ಕೇಳಿದೆ, ಅಷ್ಟೇ. ಹುಟ್ಟಿದ್ದು ಜೂನ್ 9. ಮನೆಗೆ ಬಂದದ್ದು ಜುಲೈ 26. ಮತ್ತೆ ಹನ್ನೆರಡನೇ ತಾರೀಕು ಯಾಕೆ? ಹತ್ತಕ್ಕೆ ಸಂಬಳ ಆಗುತ್ತದೆ, ಅದಕ್ಕಿರಬೇಕು ಎಂದು ಹೆಂಡತಿ ಅಂದುಕೊಂಡಿದ್ದರು.

ಅವರು ತುಂಬಾ ಹೊತ್ತು ಫ್ಯಾನ್ ನೋಡಿದರು. ಆಮೇಲೆ ಹೇಳಿದರು.

ಜುಲೈ 11ರ ರಾತ್ರಿ ಅವರು ಗಲ್ಲಾದಲ್ಲಿದ್ದರು. ಶನಿವಾರದ ರಶ್ಶು, ಸೇಟ್ ಬಿಟ್ಟಿರಲಿಲ್ಲ. ಆ ರಾತ್ರಿ ಮಗನ ಉಸಿರು ಎರಡು ಸಲ ನಿಂತಿತ್ತು. ಸಿಸ್ಟರ್ ಅಂಗಾಲು ತಟ್ಟಿದರು, ಉಸಿರು ಬಂತು. ಬೆಳಗ್ಗೆ ಇವರು ಓಡಿ ಬಂದಾಗ ಪಕ್ಕದ ಪೆಟ್ಟಿಗೆ ಖಾಲಿ. ಗೋವಂಡಿ ಕಡೆಯಿಂದ ಬಂದವರ ಮಗು. ಹದಿನೈದು ದಿನದಿಂದ ಆ ಅಪ್ಪನೂ ಇವರೂ ಮೆಟ್ಟಿಲ ಮೇಲೆ ಒಟ್ಟಿಗೆ ಕೂತು ಚಾ ಕುಡಿದವರು.

"ನನಗೆ ಮೊದಲು ಅನಿಸಿದ್ದು ಎಂತ ಗೊತ್ತುಂಟಾ ಮೇಡಂ? ಸದ್ಯ, ನಮ್ಮದಲ್ಲ."

ಆ ಅಪ್ಪ ಬಿಳಿ ಬಟ್ಟೆಯ ಗಂಟು ಹಿಡಿದು ಮೆಟ್ಟಿಲು ಇಳಿಯುತ್ತಿದ್ದ. ಇವರು ಗೋಡೆ ಕಡೆ ತಿರುಗಿ ನಿಂತರು.

ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಮೂರೂವರೆ ವರ್ಷ ಆ ಬಾಗಿಲಿಗೆ ಸಿಹಿ ಹೊತ್ತದ್ದು ಬರೀ ಕೃತಜ್ಞತೆಯಿಂದಲ್ಲ. ಕೃತಜ್ಞತೆ ಇತ್ತು, ನಿಜವಾದದ್ದೇ. ಅದರ ಅಡಿಯಲ್ಲಿ ನಾಚಿಕೆ ಇತ್ತು. ಅದಕ್ಕೂ ಕೆಳಗೆ ಹೆದರಿಕೆ: ಕೊಡುವುದು ನಿಲ್ಲಿಸಿದರೆ, ಕೊಟ್ಟವರು ವಾಪಸ್ ಕೇಳಿದರೆ?

ಮೊದಲು ನಿದ್ದೆಯ ವಿಷಯಕ್ಕೆ ಕೈ ಹಾಕಿದೆ. ವೈದ್ಯಕೀಯ ಮಾತನ್ನು ನಾನು ಆಡಬಾರದು. ಇಬ್ಬರನ್ನೂ ಮಕ್ಕಳ ಡಾಕ್ಟರ ಬಳಿ ಕಳಿಸಿದೆ, ಈ ಒಂದೇ ಪ್ರಶ್ನೆ ಕೇಳಿ ಬನ್ನಿ ಎಂದು. ಡಾಕ್ಟರು ಕೂರಿಸಿ ವಿವರಿಸಿದರಂತೆ. ಬೇಗ ಹುಟ್ಟಿದ ಕೂಸಿನ ಮೆದುಳಿನಲ್ಲಿ ಉಸಿರಾಟ ನಡೆಸುವ ಭಾಗ ಇನ್ನೂ ಬಲಿತಿರುವುದಿಲ್ಲ. ಅದಕ್ಕೆ 20 ಸೆಕೆಂಡೋ ಅದಕ್ಕಿಂತ ಜಾಸ್ತಿಯೋ ಉಸಿರು ನಿಲ್ಲುತ್ತದೆ. ಬಸುರಿನ ಲೆಕ್ಕದಲ್ಲಿ ಸಾಮಾನ್ಯವಾಗಿ 36, 37 ವಾರದ ಹೊತ್ತಿಗೆ ಅದು ಬಲಿಯುತ್ತದೆ, ತೊಂದರೆ ಹೋಗುತ್ತದೆ. ಮೂರೂವರೆ ವರ್ಷದ ಹುಡುಗನಿಗೆ ಅದು ಮರಳಿ ಬರುವಂಥದ್ದಲ್ಲ. ಕೂಸಿಗೆ ಆ ಭಾಗ ಬಲಿಯುವವರೆಗೆ ಕೊಡುವ ಮದ್ದು ಕೆಫೀನ್, ಕಾಫಿಯಲ್ಲಿರುವುದೇ. ದಿನಕ್ಕೆ ಮುನ್ನೂರು ಕಾಫಿಗೆ ಬಿಲ್ ಹಾಕುವ ಮನುಷ್ಯನಿಗೆ ಇದು ಗೊತ್ತಿರಲಿಲ್ಲ. ನನ್ನೆದುರು ಅವರು ಮೊದಲ ಸಲ ನಕ್ಕದ್ದು ಆಗ.

ಕಾಲು ತಟ್ಟುವುದನ್ನು ಒಂದೇ ದಿನಕ್ಕೆ ಬಿಡಿ ಅನ್ನಲಿಲ್ಲ. ಮಲಗುವ ಮುಂಚೆ ಒಮ್ಮೆ ಎದೆ ಏರಿಳಿಯುವುದನ್ನು ನೋಡಿ, ಮುಟ್ಟಬೇಡಿ. ರಾತ್ರಿ ಎಚ್ಚರವಾದರೆ ಹೆಂಡತಿಯನ್ನು ಎಬ್ಬಿಸಿ, ಮಗುವನ್ನಲ್ಲ. ಪಾಪ, ಆಕೆ ಅದಕ್ಕೂ ಒಪ್ಪಿದರು.

ಮಗುವನ್ನು ವಾರ್ಡಿಗೆ ಕರೆದೊಯ್ಯುವುದು ಮಾತ್ರ ಅಂದೇ ನಿಲ್ಲಬೇಕು ಎಂದೆ. ಇದರಲ್ಲಿ ಚೌಕಾಸಿ ಮಾಡಲಿಲ್ಲ. ಹುಡುಗನಿಗೆ ಆ 47 ದಿನದ ನೆನಪಿಲ್ಲ. ಗೇಟಿನ ಹತ್ತಿರ ಅಪ್ಪನ ಕೈ ನಡುಗುವುದು ಗೊತ್ತಾಗುತ್ತದೆ, ಅದಕ್ಕೇ ಹೆದರುತ್ತಾನೆ. ನಿನ್ನ ಜೀವ ಅವರು ಕೊಟ್ಟದ್ದು ಎಂಬ ಮಾತು ಮೂರು ವರ್ಷದವನಿಗೆ ಭಾರ. ಹುಟ್ಟಿದಾಗ ನೀನು ಒಂದು ತೆಂಗಿನಕಾಯಿಯಷ್ಟಿದ್ದೆ, ತುಂಬಾ ಜನ ಸೇರಿ ನಿನ್ನನ್ನು ಬೆಚ್ಚಗಿಟ್ಟರು ಎಂದು ಹೇಳಿ. ಈ ವಯಸ್ಸಿಗೆ ಅಷ್ಟು ಸಾಕು.

ಉಳಿದದ್ದು ಋಣ. ಇದಕ್ಕೆ ದಾರಿ ತೋರಿಸಿದ್ದು ನಾನಲ್ಲ, ಅವರ ಹೆಂಡತಿ. ಮೊದಲ ನಾಲ್ಕು ದಿನ ಅವರಿಗೆ ಹಾಲು ಬಂದಿರಲಿಲ್ಲ. ಮಗು ಕುಡಿದದ್ದು ಹಾಲಿನ ಬ್ಯಾಂಕಿನಿಂದ, ಯಾರೋ ತಾಯಂದಿರು ಕೊಟ್ಟ ಹಾಲು. ಮುಂಬೈಗೆ ಇದು ಹೊಸತಲ್ಲ. ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕನ್ನು ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಶುರು ಮಾಡಿದ್ದು ಇಲ್ಲಿನ ಸಯನ್ ಆಸ್ಪತ್ರೆಯಲ್ಲೇ. ದಾನದ ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಪರೀಕ್ಷೆ ಮಾಡಿ ಕೊಡುತ್ತಾರೆ. ತನಗೆ ಹಾಲು ಬಂದ ಮೇಲೆ, ಮಗನಿಗೆ ಕೊಟ್ಟು ಮಿಕ್ಕದ್ದನ್ನು ಆಕೆ ಅದೇ ಬ್ಯಾಂಕಿಗೆ ಕೊಡುತ್ತಾ ಬಂದಿದ್ದರು. "ನನ್ನದು ಅಲ್ಲಿಗೆ ಮುಗೀತು ಮೇಡಂ. ಅವರ ಹೆಸರು ನನಗೆ ಗೊತ್ತಿಲ್ಲ, ನನ್ನ ಹೆಸರು ಅವರಿಗೆ ಗೊತ್ತಿಲ್ಲ."

ಗಂಡ ತಲೆ ಎತ್ತಿ ನೋಡಿದರು. ಅವರೂ ಒಮ್ಮೆ ಪುಡಿ ಹಾಲಿನ ಡಬ್ಬಗಳನ್ನು ವಾರ್ಡಿಗೆ ಒಯ್ದು, ವಾಪಸ್ ಕಳಿಸಿದರೆಂದು ತಿಂಗಳುಗಟ್ಟಲೆ ನೊಂದಿದ್ದರಂತೆ. ಸಿಸ್ಟರ್ ಅವಮಾನ ಮಾಡಿದ್ದಲ್ಲ, 1992ರ ಕಾಯ್ದೆಯ ಪ್ರಕಾರ ಎಳೆ ಕೂಸಿನ ಪುಡಿ ಹಾಲನ್ನು ಹಾಗೆ ದಾನ ಕೊಡುವಂತಿಲ್ಲ ಎಂದೆ. ಅದನ್ನು ಅಂದೇ ಯಾರಾದರೂ ಹೇಳಬಹುದಿತ್ತು.

ನಿಮ್ಮ ಕಡೆ ಹರಕೆ ಹೊತ್ತರೆ ಅದಕ್ಕೆ ಅಳತೆ ಇರುತ್ತದಲ್ವಾ ಎಂದು ಕೇಳಿದೆ. ಒಪ್ಪಿಸಿದ ಮೇಲೆ ಮುಗಿಯಿತು. ದೇವರೂ ಪ್ರತಿ ತಿಂಗಳು ವಸೂಲಿಗೆ ಬರುವುದಿಲ್ಲ. ನಿಮ್ಮ ಹರಕೆಗೆ ಅಳತೆ ಏನು?

ಒಂದು ವಾರ ಬಿಟ್ಟು ಉತ್ತರ ತಂದರು. ತುಲಾಭಾರ. ಈಗಿನ ತೂಕಕ್ಕಲ್ಲ, ಹುಟ್ಟಿದಾಗಿನ ತೂಕಕ್ಕೆ. ಹೋಟೆಲ್ ಅಡುಗೆ ಮನೆಯ ತಕ್ಕಡಿಯಲ್ಲಿ ಹತ್ತು ರೂಪಾಯಿಯ ನಾಣ್ಯ ಸುರಿದು ನೋಡಿದ್ದಾರೆ. ಒಂದು ನಾಣ್ಯ ಎಂಟು ಗ್ರಾಂಗೂ ಸ್ವಲ್ಪ ಕಡಿಮೆ. 1 ಕಿಲೋ 150 ಗ್ರಾಂಗೆ ಸುಮಾರು 149 ನಾಣ್ಯ. ಒಂದೂವರೆ ಸಾವಿರಕ್ಕೆ ಹತ್ತು ರೂಪಾಯಿ ಕಮ್ಮಿ. "ಇಷ್ಟೇ ಇದ್ದನಾ ಮೇಡಂ ಇವನು?" ಎಂದು ಬೊಗಸೆ ಮಾಡಿ ತೋರಿಸಿದರು. ಮೂರೂವರೆ ವರ್ಷದಲ್ಲಿ ಅವರು ಅತ್ತದ್ದು ಅಂದೇ ಇರಬೇಕು.

ಹಣ ಸಿಹಿಯಂಗಡಿಗೆ ಹೋಗುವುದು ಬೇಡ ಎಂದೆ. ಮುನಿಸಿಪಾಲಿಟಿಯ ದೊಡ್ಡ ಆಸ್ಪತ್ರೆಗಳಲ್ಲಿ ಬಡ ರೋಗಿಗಳ ಮದ್ದಿಗೆ ಪೂರ್ ಬಾಕ್ಸ್ ನಿಧಿ ಇರುತ್ತದೆ. ಅಲ್ಲಿನ ಸಮಾಜ ಸೇವಾ ವಿಭಾಗದಲ್ಲಿ ಕೇಳಿ, ರಸೀದಿ ತಗೊಳ್ಳಿ.

ಹನ್ನೆರಡಕ್ಕೇ ಹೋದರು, ಒಬ್ಬರೇ. ಎರಡು ರಸೀದಿ ಮಾಡಿಸಿದರು. ಒಂದು ಮಗನ ಹೆಸರಿಗೆ. ಎರಡನೆಯದಕ್ಕೂ ಅಷ್ಟೇ ಹಣ. ಹೆಸರು ಏನು ಎಂದು ಗುಮಾಸ್ತ ಮರಾಠಿಯಲ್ಲಿ ಕೇಳಿದಾಗ ಇವರು "ಶೇಜಾರಿ" ಎಂದರಂತೆ. ಪಕ್ಕದವರು. ಗುಮಾಸ್ತ ಅದನ್ನೇ ಅಡ್ಡಹೆಸರು ಅಂದುಕೊಂಡು ಬರೆದುಕೊಟ್ಟ. ಅಂದು ರಾತ್ರಿ ಮನೆಗೆ ಹೋಗಿ ಮೆಟ್ಟಿಲಿನ ಕತೆಯನ್ನು ಹೆಂಡತಿಗೂ ಹೇಳಿದರು.

ಮುಂದಿನ ಹನ್ನೆರಡಕ್ಕೆ ಕೆಲಸಕ್ಕೆ ಹೋಗಿದ್ದರು. ಮಧ್ಯಾಹ್ನ ಎರಡು ಸಲ ಮನೆಗೆ ಫೋನ್ ಮಾಡಿ ಮಗ ಏನು ಮಾಡುತ್ತಿದ್ದಾನೆ ಎಂದು ಕೇಳಿದರಂತೆ. ಮೊನ್ನೆ ಆಕೆ ಫೋನಿನಲ್ಲಿ ಹೇಳಿದರು: "ಈಗ ನೆಗಡಿ ಆದಾಗ ಮಾತ್ರ ಕಾಲು ಮುಟ್ಟುತ್ತಾರೆ. ನಾನೂ ಸುಮ್ನಿರ್ತೇನೆ."