‘ಬಸ್’ ಅನ್ನೋ ಇಂಗ್ಲಿಷ್ ಪದ ಎಲ್ಲಿಂದ ಬಂತು? ಕಂಪ್ಯೂಟರ್ ಒಳಗೂ ಬಸ್ ಇದೆಯಂತೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಎರಡಕ್ಕೂ ಮೂಲ ಒಂದೇ, ಲ್ಯಾಟಿನ್‌ನ ‘ಓಮ್ನಿಬಸ್’. ಅಂದರೆ ‘ಎಲ್ಲರಿಗೂ’.

1820ರ ದಶಕದಲ್ಲಿ ಫ್ರಾನ್ಸಿನ ನಾಂತ್ ಊರಲ್ಲಿ ಸ್ತಾನಿಸ್ಲಾಸ್ ಬೋದ್ರಿ ಎಂಬಾತ ದುಡ್ಡು ಕೊಟ್ಟ ಯಾರು ಬೇಕಾದರೂ ಹತ್ತಬಹುದಾದ ಕುದುರೆಗಾಡಿ ಓಡಿಸಿದ. ಅದಕ್ಕೆ ಈ ಹೆಸರು ಅಂಟಿಕೊಂಡಿತು. 1828ರಲ್ಲಿ ಪ್ಯಾರಿಸ್‌ಗೆ ಬಂತು. ಮರುವರ್ಷ ಜಾರ್ಜ್ ಶಿಲ್ಲಿಬೀರ್ ಲಂಡನ್‌ನಲ್ಲಿ ಪ್ಯಾಡಿಂಗ್ಟನ್‌ನಿಂದ ಬ್ಯಾಂಕ್ ಆಫ್ ಇಂಗ್ಲೆಂಡ್‌ವರೆಗೆ ಮೂರು ಕುದುರೆ ಕಟ್ಟಿ ಓಡಿಸಿದ. ಜನ ಅಷ್ಟುದ್ದ ಹೆಸರು ಹೇಳ್ತಾರಾ? ಬಾಲ ಮಾತ್ರ ಉಳಿಸಿಕೊಂಡರು.

ತಮಾಷೆ ಏನು ಗೊತ್ತಾ? ಆ ಪದದಲ್ಲಿ ‘ಎಲ್ಲ’ ಅನ್ನೋ ಅರ್ಥ ಇರೋದು ‘ಓಮ್ನಿ’ಯಲ್ಲಿ. ‘ಬಸ್’ ಬರೀ ವಿಭಕ್ತಿ ಪ್ರತ್ಯಯ, ನಮ್ಮ ‘ಎಲ್ಲರಿಗೆ’ಯಲ್ಲಿ ‘ರಿಗೆ’ ಇದ್ದ ಹಾಗೆ. ಸುಮ್ನೆ ಯೋಚಿಸಿ: ‘ರಿಗೆ ಹತ್ತಿ ಮೈಸೂರಿಗೆ ಹೋದೆ’!

ಕರೆಂಟ್ ಪ್ಯಾನೆಲ್‌ನಲ್ಲಿ ಎಲ್ಲ ಲೈನುಗಳಿಗೂ ವಿದ್ಯುತ್ ಹಂಚುವ ದಪ್ಪ ತಾಮ್ರದ ಪಟ್ಟಿಗೆ ಎಲೆಕ್ಟ್ರಿಷಿಯನ್‌ಗಳು ‘ಬಸ್ ಬಾರ್’ ಅಂತಾರಲ್ವಾ, ಅದೂ ಓಮ್ನಿಬಸ್ಸೇ. ಕಂಪ್ಯೂಟರ್‌ನ ಬಸ್ ಬಂದಿದ್ದು ಈ ದಾರಿಯಿಂದ: ಪ್ರೊಸೆಸರ್, ಮೆಮೊರಿ ಎಲ್ಲವೂ ಸೇರಿ ಬಳಸುವ ತಂತಿಗಳ ಗುಂಪು.