ಐದೂವರೆ ಮನೆಯಿಂದ ಇಳಿಯಿರಿ

ಪ್ರಶ್ನೆ: ನನಗೆ 38 ವರ್ಷ. 15 ವರ್ಷಗಳಿಂದ ಭಾವಗೀತೆ ಹಾಡುತ್ತಿದ್ದೇನೆ. ಗಣೇಶೋತ್ಸವ, ಆರತಕ್ಷತೆ, ಅಪರೂಪಕ್ಕೆ ಆಕಾಶವಾಣಿ. 8 ತಿಂಗಳ ಹಿಂದೆ ಥೈರಾಯ್ಡ್ ಶಸ್ತ್ರಚಿಕಿತ್ಸೆಯಾಯಿತು. ಅಂದಿನಿಂದ ದನಿ ದಪ್ಪಗಾಗಿದೆ, ತಾರ ಷಡ್ಜದ (ಮೇಲಿನ ‘ಸ’) ಹತ್ತಿರ ಒಡೆಯುತ್ತದೆ. ಕೊರಿಯರ್ ಹುಡುಗ ಫೋನಿನಲ್ಲಿ ‘ಸಾರ್’ ಎನ್ನುತ್ತಾನೆ. ನನ್ನ ಯಜಮಾನರು ಅದನ್ನೇ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಹಾಡುವುದನ್ನು ಬಿಟ್ಟು 10 ವರ್ಷದ ಮಗಳನ್ನು ಗಾಯಕಿಯಾಗಿ ಬೆಳೆಸಲು ತೀರ್ಮಾನಿಸಿದ್ದೇನೆ. ಸರಿಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ತೀರ್ಮಾನಿಸಿಯಾದ ಮೇಲೂ ‘ಸರಿಯೇ’ ಎಂದು ಕೇಳಿದ್ದೀರಿ. ಅಂದರೆ ಆ ತೀರ್ಮಾನ ನಿಮಗೇ ಇನ್ನೂ ಗಂಟಲಲ್ಲಿ ಇಳಿದಿಲ್ಲ.

ಈ 8 ತಿಂಗಳಲ್ಲಿ ನಿಮ್ಮ ಧ್ವನಿಪೆಟ್ಟಿಗೆಯನ್ನು ಯಾರಾದರೂ ನೋಡಿದ್ದಾರೆಯೇ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ. ಥೈರಾಯ್ಡ್ ಗ್ರಂಥಿಯ ಮೇಲ್ತುದಿಗೆ ತೀರಾ ಹತ್ತಿರದಲ್ಲೇ ಒಂದು ಸಣ್ಣ ನರ ಹಾದುಹೋಗುತ್ತದೆ. ಧ್ವನಿತಂತುಗಳನ್ನು ಎಳೆದು ಬಿಗಿಗೊಳಿಸುವ ಸ್ನಾಯು ಅದರ ಅಪ್ಪಣೆಯಲ್ಲಿದೆ. ಅದಕ್ಕೆ ಪೆಟ್ಟಾದರೆ ಮಾತು ಹೆಚ್ಚುಕಡಿಮೆ ನಡೆಯುತ್ತದೆ, ಮೇಲಿನ ಸ್ವರಗಳು ಕೈಕೊಡುತ್ತವೆ. ಥೈರಾಯ್ಡ್ ಮಾತ್ರೆಯ ಪ್ರಮಾಣ ಸಾಲದಿದ್ದರೂ ದನಿ ದಪ್ಪಗಾಗುವುದುಂಟು. ಹಾಗಾಗಿ ಮೊದಲು ಮಾತ್ರೆ ಸಾಕೇ ಎಂದು ತಿಳಿಸುವ ಟಿಎಸ್‌ಎಚ್ ರಕ್ತಪರೀಕ್ಷೆ, ಜೊತೆಗೆ ಗಂಟಲಿನ ತಜ್ಞರಿಂದ ಲ್ಯಾರಿಂಗೋಸ್ಕೋಪಿ, ಅಂದರೆ ಧ್ವನಿಪೆಟ್ಟಿಗೆಯನ್ನು ನೋಡುವ ಪರೀಕ್ಷೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ತೊಂದರೆಗಳಿಗೂ ಚಿಕಿತ್ಸೆಯಿದೆ. ಹೋಗಿ ಬನ್ನಿ. ಅಲ್ಲಿಯವರೆಗೆ ಹಟಕ್ಕೆ ಬಿದ್ದು ತಾರಸ್ಥಾಯಿಯನ್ನು ಮುಟ್ಟಬೇಡಿ.

ಹಳೆಯ ದನಿ ಮರಳದೇ ಹೋದರೆ? ಹೋಗಬಹುದು. ಅದಕ್ಕಾಗಿ ಅತ್ತರೂ ತಪ್ಪಿಲ್ಲ. ಆದರೆ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಅವರ ಎಳೆಯ ವಯಸ್ಸಿನ ಧ್ವನಿಮುದ್ರಣ ಸಿಕ್ಕರೆ ಒಮ್ಮೆ ಕೇಳಿ. ಗಾಂಧಾರಿ ಎಂಬ ಹೆಸರಿನಲ್ಲಿ ಗ್ರಾಮಫೋನಿಗೆ ಹಾಡಿದ ಆ ಹುಡುಗಿಯದು ಸಣ್ಣ, ಚೂಪಾದ ದನಿ. ಗಂಟಲಿನ ಚಿಕಿತ್ಸೆಯ ಬಳಿಕ ಅದು ಹೋಗಿ, ಗಂಡಸಿನದೆನ್ನುವಂಥ ದನಿ ಉಳಿಯಿತು. ಇಂದು ಅವರ ಹೆಸರೆತ್ತಿದರೆ ನಮ್ಮ ಕಿವಿಯಲ್ಲಿ ಮೊಳಗುವುದು ಈ ಎರಡನೆಯ ದನಿಯೇ. ತೊಂಬತ್ತರ ಹರೆಯದಲ್ಲೂ ಅದರಲ್ಲೇ ಹಾಡಿದರು. ನೀವೂ ಗಂಗೂಬಾಯಿಯಾಗಿ ಎಂದು ನಾನು ಹೇಳುತ್ತಿಲ್ಲ. ಆದರೆ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ, ಗುರು ಸವಾಯಿ ಗಂಧರ್ವರ ಮುಂದೆ ಕುಳಿತು ಕಲಿತದ್ದನ್ನು ಗಂಟಲಿನ ಚಿಕಿತ್ಸೆ ಕಸಿದುಕೊಳ್ಳಲಿಲ್ಲ. ನಿಮ್ಮ 15 ವರ್ಷವೂ ಆ ಶಸ್ತ್ರಚಿಕಿತ್ಸೆಯ ಜೊತೆ ಹೋಗಿಲ್ಲ.

ಅದೇ ಮನೆಯ ಇನ್ನೊಂದು ಕಥೆ ನಿಮಗೆ ಹೆಚ್ಚು ಹತ್ತಿರದ್ದು. ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಿಂದೂಸ್ತಾನಿಯ ದೊಡ್ಡ ಗಾಯಕ ಅಬ್ದುಲ್ ಕರೀಂ ಖಾನರೇ ಕೂತು ಕೇಳುತ್ತಿದ್ದ ಹಾಡುಗಾರಿಕೆ. ಮಗಳು ಹಿಂದೂಸ್ತಾನಿ ಹಿಡಿದಾಗ, ತನ್ನ ಹಾಡು ಕಿವಿಗೆ ಬಿದ್ದು ಅವಳ ಶೈಲಿ ಕೆಡದಿರಲೆಂದು ತಾಯಿ ಹಾಡುವುದನ್ನೇ ಬಿಟ್ಟರು. ಇದನ್ನು ತ್ಯಾಗವೆಂದು ಎಲ್ಲರೂ ಕಣ್ಣೊರೆಸಿಕೊಂಡು ಹೇಳುತ್ತಾರೆ. ನನಗೆ ಮಾತ್ರ ಪ್ರತಿ ಸಲವೂ ಕಿರಿಕಿರಿಯಾಗುತ್ತದೆ. ಅಂಬಾಬಾಯಿ ಹೇಗೆ ಹಾಡುತ್ತಿದ್ದರು? ನಮ್ಮಲ್ಲಿ ಕೇಳಿದವರು ಯಾರು? ಅವರಿಗಾದರೂ ಎರಡು ಪದ್ಧತಿ ಬೆರೆಯುವ ಭಯವಿತ್ತು. ನಿಮಗೆ ಆ ನೆಪವೂ ಇಲ್ಲ. ಅರ್ಧಕ್ಕೆ ನಿಂತ ನಿಮ್ಮ ಹಾಡನ್ನು 10 ವರ್ಷದ ಹುಡುಗಿಯ ಹೆಗಲಿಗೆ ಹೊರಿಸಲು ಹೊರಟಿದ್ದೀರಿ. ಅವಳಿಗೆ ಹಾಡುವುದು ಇಷ್ಟವೇ ಎಂದೂ ಬರೆದಿಲ್ಲ.

ಯಜಮಾನರ ವಿಷಯ: ಅವರ ನಗು ನಿಮಗೆ ಎಲ್ಲಿ ಚುಚ್ಚುತ್ತದೆ ಎಂದು ಬಾಯಿಬಿಟ್ಟು ಹೇಳಿ. ಹೇಳದೆಯೇ ಅರ್ಥ ಮಾಡಿಕೊಳ್ಳುವ ಗಂಡಂದಿರ ಸುದ್ದಿ ಈ ಅಂಕಣಕ್ಕೆ ಈವರೆಗೆ ಬಂದಿಲ್ಲ.

ವೈದ್ಯರು ಹಾಡಬಹುದು ಎಂದ ದಿನ ಹಾರ್ಮೋನಿಯಂ ಮುಂದೆ ಕುಳಿತು, ಹೆಂಗಸರು ಸಾಮಾನ್ಯವಾಗಿ ಹಾಡುವ ಐದೂವರೆ ಮನೆಯ ಶ್ರುತಿಯಿಂದ ಅರ್ಧರ್ಧ ಮನೆಯಾಗಿ ಇಳಿಯಿರಿ. ಐದು, ನಾಲ್ಕೂವರೆ, ನಾಲ್ಕು. ಗಂಟಲು ಸಡಿಲವಾದಲ್ಲಿ ನಿಂತು, ಬಾಯಿಪಾಠವಿರುವ ಒಂದು ಭಾವಗೀತೆಯನ್ನು ಪೂರ್ತಿ ಹಾಡಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಅಂದೇ ಕೇಳಬೇಡಿ, ವಾರ ಬಿಟ್ಟು ಕೇಳಿ. ಆಮೇಲೆ ನಿಮ್ಮ ಕೀಬೋರ್ಡ್ ವಾದಕರಿಗೆ ಫೋನ್ ಮಾಡಿ, ಈ ಸಲದ ಗಣೇಶೋತ್ಸವಕ್ಕೆ ನನ್ನ ಶ್ರುತಿ ಬೇರೆ ಎಂದು ಮೊದಲೇ ತಿಳಿಸಿಬಿಡಿ.