ಲಾರಿ ಟ್ಯಾಕ್ಸ್ ಕಟ್ಟಲು ಆರ್‌ಟಿಒ ಕಚೇರಿಗೇ ಹೋಗಬೇಕಾ?

ಚಿತ್ರದುರ್ಗದಲ್ಲಿ ಹತ್ತು ಚಕ್ರದ ಲಾರಿ ಇದೆ, ಮೂರು ತಿಂಗಳಿಗೊಮ್ಮೆ ಟ್ಯಾಕ್ಸ್ ಕಟ್ಟಲು ಕ್ಯೂ ನಿಲ್ಲಲೇಬೇಕಾ ಅಂತ ಕೇಳಿದ್ದೀರಿ. ಬೇಡ. ಮನೆಯಲ್ಲೇ ಕುಳಿತು ಕಟ್ಟಬಹುದು.

ಪರಿವಾಹನ್ ವೆಬ್‌ಸೈಟಿನಲ್ಲಿ ವಾಹನ ಸೇವೆಗಳಿಗೆ ಹೋಗಿ, ಕರ್ನಾಟಕ ಆರಿಸಿ, ನಿಮ್ಮ ಕೆಎ 16 ನಂಬರ್ ಹಾಕಿ. ಚಾಸಿ ನಂಬರಿನ ಕೊನೆಯ 5 ಅಂಕಿ ಕೇಳುತ್ತದೆ, ಅದು ಆರ್‌ಸಿಯಲ್ಲೇ ಇದೆ. ಆಮೇಲೆ ಒಟಿಪಿ. ಎಡವುವುದು ಇಲ್ಲೇ ನೋಡಿ. ಒಟಿಪಿ ಹೋಗುವುದು ಗಾಡಿಯ ದಾಖಲೆಯಲ್ಲಿರುವ ಮೊಬೈಲಿಗೆ. ಸೆಕೆಂಡ್ ಹ್ಯಾಂಡ್ ಗಾಡಿಯಾದರೆ ಎಷ್ಟೋ ಸಲ ಹಳೆ ಮಾಲೀಕರದ್ದೋ ಏಜೆಂಟರದ್ದೋ ನಂಬರ್ ಇರುತ್ತದೆ. ಕೊನೆ ದಿನದ ತನಕ ಕಾಯದೆ ಮೊದಲು ಅದನ್ನು ಬದಲಿಸಿಕೊಳ್ಳಿ.

ದುಡ್ಡು ಕಟ್ ಆಗಿ ರಸೀದಿ ಬರಲಿಲ್ಲವಾ? ತಕ್ಷಣ ಇನ್ನೊಮ್ಮೆ ಕಟ್ಟಬೇಡಿ. ನಾನು ಗಾಬರಿಯಲ್ಲಿ ಹಾಗೆ ಮಾಡಿ ಸುಮ್ನೆ ತಲೆನೋವು ತಂದುಕೊಂಡಿದ್ದೆ. ಪೂರ್ತಿಯಾಗದ ಪಾವತಿ ಏನಾಯಿತು ಎಂದು ನೋಡಲು ಅದೇ ಸೈಟಿನಲ್ಲಿ ಜಾಗವಿದೆ. ರಸೀದಿ ಬಂದ ಮೇಲೆ ಒಂದು ಪ್ರಿಂಟ್ ಗಾಡಿಯಲ್ಲೇ ಇಡಿ.

ಸ್ವಂತ ಬೈಕು, ಕಾರಿಗೆ ಈ ರಗಳೆಯೇ ಇಲ್ಲ. ಹೊಸದು ತಗೊಳ್ಳುವಾಗಲೇ ಜೀವಾವಧಿ ತೆರಿಗೆ ಕಟ್ಟಿರುತ್ತೀರಲ್ವಾ. 15 ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಣಕ್ಕೆ ಮಾತ್ರ ಗಾಡಿ ತೋರಿಸಬೇಕು.